ಅಜ್ಜಿ ದೆವ್ವದ ಕೊನೆಯ ಸ್ಟಿಲ್

ಲೊಡಕ್, ಲೊಡಕ್. ಆ ಪ್ರವಾಸ ನೆನಪಾದರೆ ಮೊದಲು ಕಿವಿಗೆ ಬರುವುದು ಈ ಸದ್ದು. ನನ್ನ ಕೈಚೀಲದಲ್ಲಿದ್ದ ಮೂರು ಒಣ ತೆಂಗಿನಕಾಯಿಗಳದ್ದು. ನಮ್ಮ ತಿಪಟೂರು ಕಡೆಯವರಿಗೆ ವಿವರಿಸಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿ ವರ್ಷಕಾಲ ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ತಾನಾಗಿಯೇ ಚಿಪ್ಪನ್ನು ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಲೊಡಗುಟ್ಟುತ್ತದೆ. ಲೊಡಗುಟ್ಟಿದರೆ ಕೊಬ್ಬರಿಯಾಯಿತು ಅಂತ. ಅದಕ್ಕೆ ಮುಂಚೆ ಒಡೆದವನು ಕೆಟ್ಟ. ನಮ್ಮಪ್ಪನದು ಕೊಬ್ಬರಿ ಮಂಡಿ. ಆದರೂ ಅಟ್ಟದ ಆ ತಾಳ್ಮೆ ನನಗೆ ಬರಲಿಲ್ಲ. ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ವರ್ಷಾ ವರ್ಷಾ ನನ್ನ ರಿಪೋರ್ಟ್ ಕಾರ್ಡಿನಲ್ಲಿ ‘ರೆಸ್ಟ್‌ಲೆಸ್’ ಎಂದೇ ಬರೆದರು. ಪಾಪ, ತಪ್ಪೇನೂ ಬರೆಯಲಿಲ್ಲ.

ಪಿನಾಂಗ್, ಕಸ್ಟಮ್ಸ್ ಮೇಜು

ಮಲೇಷಿಯಾದ ಪಿನಾಂಗ್ ದ್ವೀಪಕ್ಕೆ ನಾನು ಹೋದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಅರವತ್ತು ದಾಟಿದ ಮೇಲೆ, ಒಬ್ಬಳೇ. ವಿಮಾನದಲ್ಲಿ ಮೂರು ಸಲ ಸೀಟು ಬಿಟ್ಟೆದ್ದು ಓಡಾಡಿದ್ದಕ್ಕೆ ಗಗನಸಖಿ ಹುಷಾರಿದ್ದೀರಾ ಎಂದು ಕೇಳಿದಳು. ಹುಷಾರಾಗಿದ್ದೆ. ಕೂರಲಾಗುತ್ತಿರಲಿಲ್ಲ, ಅಷ್ಟೇ.

ಕಸ್ಟಮ್ಸ್ ಮೇಜಿನ ಹಿಂದೆ ತಲೆಗೆ ನೀಲಿ ವಸ್ತ್ರ ಕಟ್ಟಿದ ಹುಡುಗಿ ಇದ್ದಳು. ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಮುಖ ಬದಲಾಯಿತು.

“ಒಳಗೆ ಏನಿದೆ, ಮೇಡಂ?”

“ಕೋಕೊನಟ್.”

“ಅದು ಹೊರಗೆ. ಒಳಗೆ?”

“ಒಳಗೂ ಕೋಕೊನಟ್ಟೇ, ಮೈ ಡಿಯರ್.”

ಅವಳು ಮೇಲಿನವರನ್ನು ಕರೆದಳು. ಅವರು ಇನ್ನೊಬ್ಬರನ್ನು ಕರೆದರು. ಬೀದಿ ಬೀದಿಗೆ ತೆಂಗಿನ ಮರವಿರುವ ದೇಶಕ್ಕೆ, ಸಮುದ್ರ ದಾಟಿ, ಸದ್ದು ಮಾಡುವ ತೆಂಗಿನಕಾಯಿ ಹೊತ್ತುಕೊಂಡು ಬಂದ ಸೀರೆಯ ಹೆಂಗಸನ್ನು ಯಾರು ತಾನೇ ನಂಬುತ್ತಾರೆ? ಅವರು ಕಾಯನ್ನು ಎಳೆಯದರಲ್ಲೇ ಕುಡಿಯುವವರು, ಇಲ್ಲವೇ ಹಸಿಯದನ್ನೇ ತುರಿದು ಮಿಷಿನ್ನಿಗೆ ಕೊಟ್ಟು ಹಾಲು ಹಿಂಡಿಸುವವರು. ವರ್ಷಗಟ್ಟಲೆ ಕಾಯುವುದೆಂದರೆ ಅವರಿಗೆ ಅದೊಂದು ಸಂಶಯದ ವಿಷಯ. ಕೊನೆಗೆ ಒಂದನ್ನು ಒಡೆದೇ ನೋಡಿದರು. ಚಿಪ್ಪು ಎರಡಾಗಿ ಉಂಡೆ ಕೊಬ್ಬರಿ ಇಡಿಯಾಗಿ ಮೇಜಿನ ಮೇಲೆ ಉರುಳಿ ಕೆಳಗೆ ಬಿತ್ತು. ನೀಲಿ ವಸ್ತ್ರದ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಒಬ್ಬರು ಚೂರು ಮುರಿದು ತಿಂದು, ಇನ್ನೊಬ್ಬರಿಗೂ ಕೊಟ್ಟು, “ಓಕೆ ಲಾ, ಗೋ ಲಾ” ಎಂದರು.

ನಮ್ಮ ಕಡೆ ‘ಲಾ’ ಅನ್ನುವುದು ಸರೀಕರಿಗೆ. ಅದೂ ಗಂಡಸು ಗಂಡಸಿಗೆ. ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದು ಸ್ವಲ್ಪ ಹೊತ್ತು ನಿಂತೇಬಿಟ್ಟೆ. ಆಮೇಲೆ ಗೊತ್ತಾಯಿತು, ಆ ದೇಶದಲ್ಲಿ ಎಲ್ಲರೂ ಎಲ್ಲರಿಗೂ ಲಾ.

ಹೊರಗೆ ಹೂವಿನ ಫ್ರಾಕು ತೊಟ್ಟ, ಬಿಳಿ ತಲೆಯ, ಕುಳ್ಳಗಿನ ಹೆಂಗಸೊಬ್ಬಳು ಬೇಲಿಗೆ ಒರಗಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಕೂಗಿದ್ದು ಅಪ್ಪಟ ತಿಪಟೂರಿನ ಕನ್ನಡದಲ್ಲಿ.

“ಏನೇ ಪಂಕಿ, ಇಷ್ಟೊತ್ತು? ಒಳಗೇ ಸಂಸಾರ ಹೂಡ್ಬುಟ್ಟಾ ಅಂದ್ಕಂಡೆ. ಕಾಯಿ ತಂದ್ಯಾ?”

ಅವಳು ಫಿಲೋಮಿನಾ. ನನ್ನ ಫಿಲೋ.

ಫಿಲೋ ಮನೆ

ಫಿಲೋನ ತಂದೆ ತಿಪಟೂರು ರೈಲ್ವೆ ಸ್ಟೇಷನ್ನಿನಲ್ಲಿ ಮಾಸ್ಟರ್ ಆಗಿದ್ದರು. ನಾವಿಬ್ಬರೂ ಒಂದೇ ರೈಲಿನಲ್ಲಿ ಬೆಂಗಳೂರಿನ ಬೋರ್ಡಿಂಗಿಗೆ ಹೋಗುತ್ತಿದ್ದೆವು, ಒಂದೇ ರೈಲಿನಲ್ಲಿ ರಜಕ್ಕೆ ಬರುತ್ತಿದ್ದೆವು. ಅವಳು ಪಿನಾಂಗಿನ ಬಂದರಿನಲ್ಲಿ ಕೆಲಸವಿದ್ದವರನ್ನು ಮದುವೆಯಾಗಿ ಅಲ್ಲಿಗೆ ಹೋದಳು. ಗಂಡ ತೀರಿಕೊಂಡಿದ್ದರು. ಸ್ಕೂಲ್ ಟೀಚರ್ ಆಗಿದ್ದ ಮಗಳು ಐರಿನ್ ಜೊತೆಗಿದ್ದಳು. ಊರಿನವರ ಬಾಯಲ್ಲೇ ಮಾಯವಾಗುತ್ತಿರುವ ಮಾತುಗಳು ಫಿಲೋ ಬಾಯಲ್ಲಿ ಹಾಗೇ ಇದ್ದವು. ಮಾತಾಡಲು ಇನ್ನೊಬ್ಬರಿಲ್ಲದೆ ಒಳಗೇ ಉಳಿದಿದ್ದವು.

ಅವಳು ನನ್ನನ್ನು ಕರೆಸಿಕೊಂಡದ್ದು ಒಂದು ಫೋಟೋ ನೋಡಲು. ಇದನ್ನು ಕೇಳಿ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮ ಯಜಮಾನರು ಮಾತ್ರ ನಗದೆ, “ಹೋಗ್ಲಿ ಬುಡ್ರಪ್ಪ. ಈ ಮನೇಲಿ ದೇವ್ರ ಫೋಟೋಗಿಂತ ದೆವ್ವದ ಫೋಟೋನೇ ಜಾಸ್ತಿ, ಇನ್ನೊಂದು ಬಂದ್ರೆ ಏನಾಗುತ್ತೆ” ಅಂದರು.

ಅದೂ ನಿಜವೇ. ನಾನು ಕೂಡಿಡುವುದು ಹಳೆಯ ಸಿನಿಮಾ ಸ್ಟಿಲ್ಸ್. ಎಲ್ಲ ಸಿನಿಮಾದ್ದಲ್ಲ, ನಗಿಸುವ ದೆವ್ವದ ಸಿನಿಮಾಗಳದ್ದು ಮಾತ್ರ. ಪಾಳು ಬಂಗಲೆ, ಓಡುವ ಅಡಿಗೆಯವನು, ಕಿಟಕಿಯಲ್ಲಿ ಬಿಳಿ ಸೀರೆ, ಮಂಚದ ಕೆಳಗೆ ಇಬ್ಬರು ದಪ್ಪ ಗಂಡಸರು. ಥಿಯೇಟರಿನ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಗುಂಡುಸೂಜಿಗೆ ಸಿಕ್ಕಿಸಿ ಜನರನ್ನು ಒಳಗೆ ಕರೆಯುತ್ತಿದ್ದವಲ್ಲ, ಆ ಕಪ್ಪು ಬಿಳುಪಿನ ಫೋಟೋಗಳು. ಗಾಂಧಿನಗರದ ಹಂಚಿಕೆದಾರರ ಗೋಡೌನುಗಳಲ್ಲಿ, ರದ್ದಿ ಅಂಗಡಿಗಳಲ್ಲಿ, ತುರುವೇಕೆರೆಯ ಒಬ್ಬ ಕ್ಷೌರಿಕರ ಕನ್ನಡಿಯ ಹಿಂದೆ, ಎಲ್ಲೆಲ್ಲೋ ಕೈ ಹಾಕಿ ತೆಗೆದಿದ್ದೇನೆ.

ಶುರುವಾದದ್ದು ಗಾಳಿಯಿಂದ. ನಾವು ಹೈಸ್ಕೂಲಿನಲ್ಲಿದ್ದಾಗ ಬೇಸಿಗೆ ರಜಕ್ಕೆ ತಿಪಟೂರಿನಲ್ಲಿ ಟೆಂಟ್ ಸಿನಿಮಾ ಬಂದಿತ್ತು. ಮದರಾಸಿನಲ್ಲಿ ತೆಗೆದ ಒಂದು ತಮಿಳು ದೆವ್ವದ ಕಾಮಿಡಿ. ಸತ್ತುಹೋದ ಅಜ್ಜಿ ಅಡಿಗೆಮನೆಗೆ ಬಂದು, ಸೌಟಿನಿಂದ ಸಾರು ರುಚಿ ನೋಡಿ, ಮುಖ ಹುಳ್ಳಗೆ ಮಾಡಿ, ಉಪ್ಪಿಲ್ಲ ಎಂದು ಅಡಿಗೆಯವನ ತಲೆಗೆ ಮೊಟಕಿ ಹೋಗುತ್ತಾಳೆ. ಅದು ನಿಜವಾಗಿ ಅಜ್ಜಿಯೋ, ಆಸ್ತಿಗಾಗಿ ಸೀರೆ ಉಟ್ಟ ಚಿಕ್ಕಪ್ಪನೋ? ಕೊನೆಯ ಸೀನಿನಲ್ಲಿ ಮೊಮ್ಮಗ ಬಾಗಿಲ ಹಿಂದೆ ಅಡಗಿ ನಿಂತು ದೆವ್ವದ ಸೆರಗಿಗೆ ಕೈ ಹಾಕಿದ. ಅಷ್ಟರಲ್ಲಿ ಮುಂಗಾರಿಗೆ ಮುಂಚಿನ ಗಾಳಿ ಎದ್ದು ಟೆಂಟು ಗೂಟ ಕಿತ್ತುಕೊಂಡು ಹಾರಿತು. ಜನ ಎದ್ದು ಬಿದ್ದು ಓಡಿದರು. ದೆವ್ವ ಬಂತೆಂದು ಓಡಿದವರೂ ಇದ್ದರಂತೆ. ಬೆಳಗ್ಗೆ ಗಾಜಿನ ಪೆಟ್ಟಿಗೆ ಒಡೆದು ಅದರೊಳಗಿನ ಸ್ಟಿಲ್ಸ್ ಸಂತೆ ಮೈದಾನದ ಬೇಲಿಗಳಲ್ಲೆಲ್ಲ ಸಿಕ್ಕಿಕೊಂಡಿದ್ದವು. ನಾನೂ ಫಿಲೋನೂ ಆಯ್ದುಕೊಂಡು ಹಂಚಿಕೊಂಡೆವು. ಟೆಂಟಿನವರು ಊರು ಬಿಟ್ಟರು. ಆ ಸಿನಿಮಾ ಮತ್ತೆ ಬರಲಿಲ್ಲ, ರೀಲುಗಳೂ ಉಳಿದಿಲ್ಲವೆಂದು ಮದರಾಸಿನವರು ಹೇಳಿದರು. ಅದರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಓದಿದ ಯಾರಾದರೂ ಕೊನೆ ಏನೆಂದು ಕಾರ್ಡ್ ಹಾಕಿಬಿಟ್ಟಾರೆಂಬ ಭಯ.

ಅದು ನಿಜವಾದ ದೆವ್ವ ಎಂದು ನಾನು. ಚಿಕ್ಕಪ್ಪನೇ ಎಂದು ಫಿಲೋ. ನಲವತ್ತು ವರ್ಷಕ್ಕೂ ಮೇಲ್ಪಟ್ಟು ಕಾಗದದಲ್ಲಿ ಈ ಜಗಳ ನಡೆಸಿದ್ದೆವು. ಮಕ್ಕಳು ಹುಟ್ಟಿದ ಸುದ್ದಿಯ ಕೆಳಗೂ ಅವಳು ‘ಪಿ.ಎಸ್. ಅದು ಚಿಕ್ಕಪ್ಪ’ ಎಂದು ಬರೆದಿದ್ದುಂಟು. ಈಗ ತೈಪಿಂಗ್ ಎಂಬ ಊರಿನಲ್ಲಿ, ಹಿಂದೆ ತಮಿಳು ಸಿನಿಮಾ ಹಾಕುತ್ತಿದ್ದ ಹಳೆಯ ಥಿಯೇಟರಿನವರೊಬ್ಬರ ಹತ್ತಿರ ಕೊನೆಯ ಸೀನಿನ ಸ್ಟಿಲ್ ಇದೆಯಂತೆ, ಸೆರಗು ಎಳೆದ ಮೇಲಿನದು. ತಾನು ನೋಡಿಲ್ಲವೆಂದೂ, ಇಬ್ಬರೂ ಒಟ್ಟಿಗೇ ನೋಡಬೇಕೆಂದೂ, ತಡ ಮಾಡಬಾರದೆಂದೂ ಬರೆದಿದ್ದಳು. ಆ ಕೊನೆಯ ಮಾತು ನನಗೆ ಹಿಡಿಸಿರಲಿಲ್ಲ. ಫಿಲೋ ತಡ ಮಾಡಬೇಡ ಎಂದು ಯಾವತ್ತೂ ಯಾರಿಗೂ ಹೇಳಿದವಳಲ್ಲ.

ಮನೆಗೆ ಬಂದ ದಿನವೇ ಗಮನಿಸಿದೆ. ಕಿರಿದಾದ, ಉದ್ದನೆಯ ಮನೆ. ಮಹಡಿಗೆ ಮರದ ಮೆಟ್ಟಿಲು. ಫಿಲೋ ಅರ್ಧಕ್ಕೆ ನಿಂತು, ಗೋಡೆಯ ಕ್ಯಾಲೆಂಡರ್ ಸರಿ ಮಾಡುವವಳಂತೆ ಕೈ ಆಡಿಸಿದಳು. ಕ್ಯಾಲೆಂಡರ್ ಸರಿಯಾಗಿಯೇ ಇತ್ತು.

“ಏನೇ, ಉಬ್ಬಸಾನಾ?”

“ವಯಸ್ಸು ಕಣೇ. ನಿಂಗೊಬ್ಳಿಗೇ ಆಗೋದಾ ವಯಸ್ಸು?”

ಊಟದ ಮೇಜಿನ ಡ್ರಾಯರಿನಲ್ಲಿ ಮಾತ್ರೆಗಳಿದ್ದವು. ಐರಿನ್ ನನ್ನನ್ನು ನೋಡಿ ಡ್ರಾಯರ್ ಮುಚ್ಚಿದಳು. ಕೇಳಲೂ ಆಗದೆ ಸುಮ್ಮನಿರಲೂ ಆಗದೆ ನಾನು ಅವರ ಮನೆಯ ಮುಂದಿನ ಕಮಾನಿನ ಜಗಲಿಯ ಉದ್ದಕ್ಕೂ ಓಡಾಡಿದೆ. ಅಲ್ಲಿ ಅಂಗಡಿಗಳ ಮುಂದೆ ಜಗಲಿಗಳೆಲ್ಲ ಕೂಡಿಕೊಂಡು ಬಿಸಿಲು ಮಳೆ ತಾಗದೆ ಬೀದಿಯ ಕೊನೆಯವರೆಗೂ ನಡೆಯಬಹುದು. ನನ್ನಂಥವರಿಗೆಂದೇ ಕಟ್ಟಿದ್ದು. ನಾಲ್ಕನೇ ಸುತ್ತಿಗೆ ಬೀರುವಿನ ಅಂಗಡಿಯ ಚೀನೀ ಮುದುಕಿ ಒಂದು ಸ್ಟೂಲು ತಂದು ಹಾಕಿ, ಕೂತುಕೋ ಎಂದು ಸನ್ನೆ ಮಾಡಿದಳು.

ತೈಪಿಂಗ್

ದೋಣಿಯಲ್ಲಿ ಕಡಲು ದಾಟಿ ಆಚೆ ದಡದಿಂದ ರೈಲು. ಬಸ್ಸಿನಲ್ಲಿ ಹೋಗಿ ಎಂದು ಐರಿನ್ ಹೇಳಿದರೂ ಸ್ಟೇಷನ್ ಮಾಸ್ಟರ್ ಮಗಳು ಕೇಳಲಿಲ್ಲ. ಕಿಟಕಿಯಲ್ಲಿ ಸಾಲು ಸಾಲು ತಾಳೆ ಮರ, ಎಣ್ಣೆ ತಾಳೆ. ದೂರದಿಂದ ತೆಂಗಿನ ತೋಟದಂತೆ ಕಂಡು, ಹತ್ತಿರ ಬಂದರೆ ನೆಂಟರಂತೆ ಕಂಡ ಅಪರಿಚಿತರ ಹಾಗೆ ಮುಖ ತಿರುಗಿಸುತ್ತಿದ್ದವು. ನಮ್ಮ ಹಾಲ್ಕುರಿಕೆ ಕಡೆಯ ತೋಟಗಳಲ್ಲಾದರೆ ಮರಗಳ ನಡುವೆ ರಾಗಿ ಹೊಲ, ಹೊಲದಲ್ಲಿ ಮನುಷ್ಯರು ಕಾಣುತ್ತಾರೆ. ಇಲ್ಲಿ ನೆರಳು ಬಿಟ್ಟರೆ ಏನೂ ಇರಲಿಲ್ಲ.

“ಚಿಕ್ಕಪ್ಪನೇ ಅಂತ ಗೊತ್ತಾದ್ರೆ ಏನ್ಮಾಡ್ತೀಯೇ?” ಫಿಲೋ ಕೇಳಿದಳು.

“ಊರಿಗೆ ವಾಪಸ್ ಹೋಗಿ ಯಾರಿಗೂ ಹೇಳಲ್ಲ.”

“ಹೇಳ್ದಿದ್ರೆ ನಾನು ನಿಮ್ಮನೆಯವ್ರಿಗೆ ಟೆಲಿಗ್ರಾಂ ಕೊಡ್ತೀನಿ.”

ತೈಪಿಂಗಿನಲ್ಲಿ ಇಳಿಯುತ್ತಲೇ ಮಳೆ. ಆ ಊರಿನಲ್ಲಿ ದಿನಾ ಮಳೆಯಂತೆ. ಇವತ್ತು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹಿಂದೆ ಜನ ಬೆಟ್ಟು ಕಟ್ಟುತ್ತಿದ್ದರೆಂದು ಫಿಲೋ ಹೇಳಿದಳು. ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಇಂಥ ಬೆಟ್ಟು ಕಟ್ಟಿದರೆ ವರ್ಷಕ್ಕೆ ಒಮ್ಮೆ ತೀರ್ಮಾನವಾದೀತು.

ಥಿಯೇಟರು ಮುಚ್ಚಿ ಪೀಠೋಪಕರಣದ ಗೋಡೌನಾಗಿತ್ತು. ಅದರ ಹಿಂದಿನ ಮನೆಯಲ್ಲಿ ಮಿಸ್ಟರ್ ಲಿಮ್ ಎಂಬ ಎಂಬತ್ತರ ವೃದ್ಧರು. ಬನಿಯನ್ನು, ಪಟ್ಟೆ ಪೈಜಾಮ. ಗಾಜಿನ ಪೆಟ್ಟಿಗೆಗೆ ಸ್ಟಿಲ್ಸ್ ಸಿಕ್ಕಿಸುವುದು ಅವರ ಕೆಲಸವಾಗಿತ್ತು. ಮಲಯ್ ಭಾಷೆಯಲ್ಲಿ ಏನೋ ಕೇಳಿದರು.

“ಊಟ ಆಯ್ತಾ ಅಂತವ್ರೆ,” ಎಂದಳು ಫಿಲೋ.

ಸಮುದ್ರ ದಾಟಿದರೂ ಮೊದಲ ಪ್ರಶ್ನೆ ಅದೇ ಎಂದು ನನಗೆ ಖುಷಿಯಾಯಿತು. ಆದರೆ ನಮ್ಮಲ್ಲಿ ಆಯಿತು ಎಂದರೆ ಮುಗಿಯುತ್ತದೆ, ಅಲ್ಲಿ ಮುಗಿಯಲಿಲ್ಲ. ನೂಡಲ್ಸ್ ಬಂತು. ನಾನು ಮಾಂಸ ತಿನ್ನುವುದಿಲ್ಲವೆಂದೆ. “ನೋ ಮೀಟ್, ನೋ ಮೀಟ್” ಎಂದು ಧೈರ್ಯ ಹೇಳಿದರು. ಕಡ್ಡಿಯಿಂದ ಎತ್ತಿದರೆ ಸಣ್ಣ ಮೀನೊಂದು ನನ್ನನ್ನೇ ನೋಡುತ್ತಿತ್ತು. “ಫಿಶ್,” ಎಂದರು, ಮೀನು ತರಕಾರಿಯ ಜಾತಿಯೆಂಬಂತೆ. ಬಟ್ಟಲು ಫಿಲೋ ಕಡೆ ಸರಿಯಿತು. ನಾನು ಎರಡು ಸಲ ಎದ್ದು ಕೂತೆ. ಸ್ಟಿಲ್ ಎಲ್ಲಿ? ಸಿನಿಮಾ ನೀವು ನೋಡಿದ್ದೀರಲ್ಲ, ಕೊನೆ ಏನು? ಕೇಳು ಕೇಳು ಎಂದು ಫಿಲೋಗೆ ತಿವಿದೆ.

ಅವಳು ಕೇಳಿದಳು. ಲಿಮ್ ಎರಡೂ ಕೈ ಆಡಿಸಿದರು. ಫಿಲೋ ನಗು ತಡೆದುಕೊಂಡು ಹೇಳಿದಳು:

“ನೋಡೇ ಇಲ್ವಂತೆ ಕಣೇ. ದೆವ್ವ ಅಂದ್ರೆ ಭಯವಂತೆ. ಫೋಟೋ ಸಿಕ್ಕಿಸೋದು ಹೊರಗೆ, ಅದೂ ದೆವ್ವದ ಮುಖ ನೋಡ್ದೆ, ಪಿಕ್ಚರ್ ಓಡೋದು ಒಳಗೆ, ನಾನ್ಯಾಕೆ ಒಳಗೋಗ್ಲಿ ಅಂತವ್ರೆ.”

ಕೊನೆಗೆ ಬಿಸ್ಕತ್ತಿನ ಡಬ್ಬಿ ಬಂತು. ಮೇಲೆ ಬೇರೆ ಸಿನಿಮಾಗಳವು, ತಳದಲ್ಲಿ ನಮ್ಮದು. ಲಿಮ್ ಅದನ್ನು ಮುಖ ನೋಡದೆ ಎತ್ತಿ ಕೊಟ್ಟರು. ತೆಗೆದುಕೊಂಡಾಗ ಒಂದು ಕಾರ್ಡಿಗಿಂತ ದಪ್ಪವಿತ್ತು. ಎರಡು. ದೆವ್ವ ದಿಟ್ಟಿಸುವುದನ್ನು ಕಾಣಲಾರದೆ ಅವರು ಅದನ್ನು ಬೋರಲು ಮಾಡಿ ಇನ್ನೊಂದು ಸ್ಟಿಲ್ಲಿನ ಮೇಲೆ ಮುಖಕ್ಕೆ ಮುಖ ಕೊಟ್ಟು ಇಟ್ಟಿದ್ದರು. ತೈಪಿಂಗಿನ ತೇವದಲ್ಲಿ, ಇಷ್ಟು ವರ್ಷದಲ್ಲಿ, ಎರಡೂ ಅಂಟಿಕೊಂಡಿದ್ದವು. ಹಿಂದೆ ಮುಂದೆ ಎರಡೂ ಕಡೆ ಬರಿಯ ಬಿಳಿ. ಒಳಗೆ ಎಲ್ಲೋ ಅಜ್ಜಿ.

ಲಿಮ್ ತುಂಬ ನೊಂದುಕೊಂಡರು. ಫಿಲೋ ಅವರ ಕೈ ಹಿಡಿದು ಏನೋ ಹೇಳಿ ನಗಿಸಿದಳು. ನಾನು ಮಾತ್ರ ಮಳೆಯಲ್ಲೇ ಹೊರಗೆ ಬಂದು ನಿಂತೆ.

ಫ್ರಿಜ್ಜಿನ ಮೇಲೆ

“ನೀರಲ್ಲಿ ನೆನೆ ಹಾಕ್ಬೇಕು,” ಎಂದಳು ಫಿಲೋ ಆ ಸಂಜೆ, ಪ್ಲಾಸ್ಟಿಕ್ ಟಬ್ಬು ಹಿಡಿದುಕೊಂಡು. “ನೀರಲ್ಲಿ ಬಿಟ್ಕಂತದೆ.”

“ಫೋಟೋನ ನೀರಿಗೆ ಹಾಕೋದಾ? ಹ್ಯಾವ್ ಯು ಗಾನ್ ಮ್ಯಾಡ್? ತೇವದಿಂದಲೇ ಅಲ್ವಾ ಅಂಟಿಕೊಂಡಿದ್ದು? ಒಣಗಬೇಕು. ನಿಧಾನಕ್ಕೆ, ನೆರಳಲ್ಲಿ. ಒಣಗಿದರೆ ತಾನೇ ಬಿಟ್ಕೊಳ್ಳುತ್ತೆ.”

“ಇದೇನು ಕೊಬ್ಬರಿನಾ?”

“ನಿಮ್ಮಪ್ಪಂದು ರೈಲು. ಒಣಗೋ ವಿಷಯ ನಂಗೆ ಬಿಡು.”

“ನೀನು, ತಾಳ್ಮೆ ವಿಷಯ ಹೇಳ್ಕೊಡ್ತೀಯ,” ಎಂದು ಟಬ್ಬು ಕೆಳಗಿಟ್ಟಳು. “ಆಗ್ಲಿ ಬುಡು. ನಿಮ್ಮಟ್ಟದ ವಿದ್ಯೆ ನೋಡೇಬುಡಾನ.”

ಅವರ ಮನೆಯಲ್ಲಿ ಅಟ್ಟವಿರಲಿಲ್ಲ. ಫ್ರಿಜ್ಜಿನ ನೆತ್ತಿ ಬೆಚ್ಚಗಿತ್ತು. ಪತ್ರಿಕೆ ಹಾಸಿ ಅಲ್ಲಿಟ್ಟೆ. ಬೇರೆ ಸೀಮೆಯವರಿಗೆ ಹೊಳೆಯದ ತಪ್ಪು ಇದು, ಕೊಬ್ಬರಿ ಸೀಮೆಯವರೇ ಮಾಡಬಹುದಾದದ್ದು. ಒಣಗಿದ್ದೆಲ್ಲ ಬಿಟ್ಟುಕೊಳ್ಳುತ್ತದೆಂದು ಹುಟ್ಟಿದಾಗಿನಿಂದ ನೋಡಿ ಬೆಳೆದವರಿಗೆ, ಒಣಗಿದಷ್ಟೂ ಬಿಗಿಯಾಗುವ ವಸ್ತುವೂ ಜಗತ್ತಿನಲ್ಲಿದೆ ಎಂದು ಹೇಗೆ ಹೊಳೆಯಬೇಕು?

ದಿನಕ್ಕೆ ಎಷ್ಟು ಸಲ ಸ್ಟೂಲು ಹತ್ತಿ ನೋಡಿದೆನೋ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ. ಐರಿನ್ ಕಂಡು, “ಆಂಟಿ, ಇಟ್ಸ್ ಎ ಫೋಟೋ, ಲಾ,” ಎಂದಳು.

ಎರಡನೇ ಕಾಯಿ ಆ ದಿನಗಳಲ್ಲಿ ಒಡೆದು, ಬೆಲ್ಲದ ಜೊತೆ ತಿಂದೆವು. ಮೂರನೆಯದನ್ನು ಫಿಲೋ ಒಡೆಯಲು ಬಿಡಲಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. ಆಗಾಗ ಮಹಡಿಯಿಂದ ಕೇಳಿಸುತ್ತಿತ್ತು: ಲೊಡಕ್, ಲೊಡಕ್.

ಮುಂದಿನ ಸಾಲು

ನಾನು ಹೋದದ್ದು ಚೀನೀಯರ ಪಿತೃಮಾಸದಲ್ಲಿ. ಆ ತಿಂಗಳು ಸತ್ತವರಿಗೆಲ್ಲ ರಜವಂತೆ, ಭೂಮಿಗೆ ಬಂದು ಓಡಾಡಿಕೊಂಡು ಹೋಗುತ್ತಾರೆ. ನಮ್ಮ ಪಿತೃಪಕ್ಷದಲ್ಲಿ ಎಡೆ ಇಟ್ಟು ಊಟ ಹಾಕಿ ಕಳಿಸುತ್ತೇವೆ. ಇವರು ಊಟದ ಜೊತೆ ಮನರಂಜನೆಯನ್ನೂ ಕೊಡುತ್ತಾರೆ. ಬೀದಿ ಬೀದಿಗೆ ಸ್ಟೇಜು, ಹಾಡು, ನಾಟಕ. ಮಾರ್ಕೆಟ್ಟಿನ ಹತ್ತಿರ ಒಂದು ಕಡೆ ಬಿಳಿ ಪರದೆ ಕಟ್ಟಿ ಹಳೆಯ ಸಿನಿಮಾ ಹಾಕುತ್ತಾರೆಂದು ಕೇಳಿ, ಹೊತ್ತು ಮುಳುಗುವ ಮೊದಲೇ ನಾನು ಹೊರಟು ನಿಂತೆ. ಫಿಲೋ ನಿಧಾನವಾಗಿ ಹಿಂದೆ ಬರುತ್ತಿದ್ದಳು.

ಪರದೆ ಕಂಡೊಡನೆ ನನಗೆ ಟೆಂಟಿನ ನೆನಪಾಗಿ ಬಿರಬಿರನೆ ನಡೆದೆ. ಜನ ಹಿಂದೆ ಗುಂಪಾಗಿ ನಿಂತಿದ್ದರು. ಮುಂದಿನ ಸಾಲಿನ ಕೆಂಪು ಕುರ್ಚಿಗಳು ಪೂರಾ ಖಾಲಿ. ಎಷ್ಟು ಸಂಕೋಚದ ಜನ ಎಂದುಕೊಂಡು, ಹಿರಿಯಳೆಂದು ನನಗೆ ನಾನೇ ಮರ್ಯಾದೆ ಕೊಟ್ಟುಕೊಂಡು, ನಡುಮಧ್ಯದ ಕುರ್ಚಿಯಲ್ಲಿ ಹೋಗಿ ಕೂತೆ. ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟೆ, ಫಿಲೋಗೆಂದು.

ಹಿಂದೆ ಗುಸುಗುಸು ಎದ್ದಿತು. ಒಬ್ಬ ಹೆಂಗಸು ಮಗುವಿನ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಫಿಲೋ ಏದುಸಿರು ಬಿಡುತ್ತ ಬಂದು ನನ್ನ ರಟ್ಟೆ ಹಿಡಿದಳು.

“ಏಳೇ ಮೇಲೆ, ಅದು ಅವ್ರ ಸೀಟು.”

“ಯಾರ ಸೀಟು? ಯಾರೂ ಇಲ್ವಲ್ಲ.”

“ಸತ್ತೋರ್ದು ಕಣೇ. ಮುಂದಿನ ಸಾಲು ಪೂರಾ ಅವ್ರಿಗೇ. ಯಾರ ತೊಡೆ ಮೇಲೆ ಕುಂತಿದ್ದೀಯೋ ಏನೋ, ಸಾರಿ ಅಂತನಾದ್ರೂ ಹೇಳೇ.”

ಕಾನ್ವೆಂಟಿನ ಅಭ್ಯಾಸ ನೋಡಿ, ನಾನು ನಿಜವಾಗಿಯೂ ಎದ್ದು, ಖಾಲಿ ಕುರ್ಚಿಯ ಕಡೆ ತಿರುಗಿ “ಐ ಬೆಗ್ ಯುವರ್ ಪಾರ್ಡನ್” ಎಂದೆ. ಫಿಲೋ ನಕ್ಕಳು. ನಗುತ್ತ ನಗುತ್ತ ಹತ್ತಿರದ ಹಣ್ಣಿನ ಗಾಡಿ ಹಿಡಿದುಕೊಂಡಳು. ನಗು ನಿಂತ ಮೇಲೂ ಗಾಡಿ ಬಿಡಲಿಲ್ಲ. ಗಾಡಿಯವನು ತನ್ನ ಸ್ಟೂಲು ಕೊಟ್ಟ. ಅವಳು ಕೂತು, ಉಸಿರು ಸಮವಾಗುವವರೆಗೂ ಆ ಕೆಂಪು ಕುರ್ಚಿಗಳನ್ನೇ ನೋಡಿದಳು.

“ಒಳ್ಳೇ ಸೀಟು ಕಣೇ ಅವು,” ಎಂದಳು. “ಬರೋ ವರ್ಷ ನಾನೇ ಅಲ್ಲಿ ಕುಂತಿದ್ರೂ ಕುಂತಿರ್ತೀನಿ.”

“ಏನು ಮಾತು ಅಂತ ಆಡ್ತೀಯ.”

“ಹಾರ್ಟಿಂದು ವಾಲ್ವ್ ಬದ್ಲಾಯಿಸ್ಬೇಕಂತೆ. ನೀನು ಹೋದ್ಮೇಲೆ ಒಂದು ವಾರಕ್ಕೆ ಆಪರೇಷನ್. ನೀನು ಬಂದು ಹೋಗ್ಲಿ ಅಂತ ಡಾಕ್ಟ್ರಿಗೆ ಹೇಳಿ ಮುಂದಕ್ಕೆ ಹಾಕ್ಸಿದ್ದೆ. ಐರಿನ್ನು ಬೈತಾನೇ ಅವ್ಳೆ.”

ಪರದೆಯ ಮೇಲೆ ಸಿನಿಮಾ ಶುರುವಾಯಿತು. ಏನು ನೋಡಿದೆನೋ ಗೊತ್ತಿಲ್ಲ. ಖಾಲಿ ಕುರ್ಚಿಗಳ ಬೆನ್ನು ಮಾತ್ರ ನೆನಪಿದೆ, ಬೆಳಕು ಬಿದ್ದಾಗಲೆಲ್ಲ ಕೆಂಪಗೆ ಹೊಳೆಯುತ್ತಿದ್ದವು.

ಟ್ಯೂಬ್‌ಲೈಟಿನ ಕೆಳಗೆ

ಮನೆಗೆ ಬಂದವಳೇ ಸ್ಟೂಲು ಹತ್ತಿ ಫ್ರಿಜ್ಜಿನ ಮೇಲಿನ ಕಾರ್ಡು ತೆಗೆದೆ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ತಗಡಿನ ಹಾಗೆ ಸೆಟೆದುಕೊಂಡಿತ್ತು. ಮೂಲೆಗೆ ಉಗುರು ಹಾಕಿ ಎಬ್ಬಿಸಿದೆ. ಕಾಗದದ ಒಂದು ಪದರ ಬಿಳಿಯಾಗಿ ಸುಲಿದು ಬಂತು. ಅಂಟು ಜಗ್ಗಲಿಲ್ಲ.

“ನೀನು ಹೇಳಿದ್ದೇ ಸರಿ. ಟಬ್ಬು ತಾ. ನೀರು ತಾ,” ಎಂದೆ.

“ಬ್ಯಾಡ.”

“ಬೇಡ ಅಂದರೆ? ಇದಕ್ಕೇ ಅಲ್ವಾ ನಾನು ಬಂದಿದ್ದು?”

“ಕೂತ್ಕೋ ಪಂಕಿ. ಒಂದ್ನಿಮಿಷ ಕೂತ್ಕೋ.”

ಕೂತೆ. ಅವಳು ಕಾರ್ಡನ್ನು ತೆಗೆದುಕೊಂಡು ಟ್ಯೂಬ್‌ಲೈಟಿಗೆ ಹಿಡಿದಳು. ಬೆಳಕು ಹಾಯ್ದು ಎರಡು ಚಿತ್ರವೂ ಒಂದರ ಮೇಲೊಂದು ಮಸುಕಾಗಿ ಕಂಡವು. ಮೊಮ್ಮಗನ ಕೈ, ಕೈಯಲ್ಲಿ ಎಳೆದ ಸೆರಗು. ಸೆರಗಿಲ್ಲದ ಆ ತಲೆ ಇರಬೇಕಾದ ಕಡೆ ಇನ್ನೊಂದು ಸ್ಟಿಲ್ಲಿನ ಅಡಿಗೆಯವನ ಸಾರಿನ ಪಾತ್ರೆ. ಸರಿಯಾಗಿ ಮುಖದ ಜಾಗಕ್ಕೆ, ಅಳತೆ ಮಾಡಿ ಇಟ್ಟಂತೆ, ಕರಿಯ ಪಾತ್ರೆ.

ಇಬ್ಬರಿಗೂ ನಗು ಬಂತು. ನಾನು ಬೇಗ ನಿಲ್ಲಿಸಿದೆ.

“ಚಿಕ್ಕಪ್ಪನೇ ಇದು,” ಎಂದೆ. “ಭುಜ ನೋಡು, ಗಂಡಸಿನ ಭುಜ. ನೀನೇ ಗೆದ್ದೆ. ಪೌಡರ್ ಹಾಕಿಕೊಂಡ ಒಬ್ಬ ಮನುಷ್ಯ, ಅಷ್ಟೇ. ಯಾರೂ ಸತ್ತಿಲ್ಲ. ಶೂಟಿಂಗ್ ಮುಗಿಸಿ, ವಿಗ್ ತೆಗೆದಿಟ್ಟು, ಕಾಫಿ ಕುಡಿದು ಮನೆಗೆ ಹೋಗಿದ್ದಾನೆ.”

ಫಿಲೋ ಅಲ್ಲ ಎಂದು ತಲೆ ಆಡಿಸಿದಳು.

“ಇಷ್ಟು ವರ್ಷ ದೆವ್ವ ದೆವ್ವ ಅಂತ ಪ್ರಾಣ ತಿಂದೆ. ಈಗ ನಂಗೆ ಬೇಕಾದಾಗ ಉಲ್ಟಾ ಹೊಡೀತೀಯಾ? ಅಜ್ಜಿನೇ ಕಣೇ ಅದು. ಸತ್ತ ಮೇಲೂ ಬಂದು ಸಾರಿನ ರುಚಿ ನೋಡಿ, ಉಪ್ಪಿಲ್ಲ ಅಂತ ಬೈದು ಹೋಗ್ಬೋದು ಅಂತಿದ್ರೆ, ನಂಗೆ ಆಪರೇಷನ್ ಥಿಯೇಟ್ರಿಗೆ ಹೋಗಾಕೆ ಏನೂ ಭಯ ಇಲ್ಲ. ನೀರಿಗೆ ಹಾಕಿ, ಬಿಡ್ಸಿ, ಅದ್ರಾಗೆ ಮೀಸೆ ಕಂಡ್ರೆ ನಾನೇನ್ ಮಾಡ್ಲಿ?”

ನಾನು ಎದ್ದು ಅಡಿಗೆಮನೆಗೆ ಹೋದೆ, ನೀರು ಕುಡಿದೆ, ವಾಪಸ್ ಬಂದೆ. ಅವಳು ಹಾಗೇ ಕೂತಿದ್ದಳು.

“ನೀನೇ ತಗೊಂಡೋಗು,” ಎಂದಳು. “ನಿಮ್ಮಟ್ಟದ ಮೇಲೆ ಇಕ್ಕು. ಅದಾಗೇ ಬಿಟ್ಕಂಡ್ರೆ ಬರಿ. ಕಿತ್ಗಿತ್ತೀಯಾ ಮತ್ತೆ.”

“ಆ ಕಾಯಿನ ನೀನೂ ಈಗ ಒಡೀಬೇಡ,” ಎಂದೆ. “ಆಸ್ಪತ್ರೆಯಿಂದ ಬಂದ ಮೇಲೆ ಒಡಿ.”

ಗಾಜಿನಾಚೆ

ಆಪರೇಷನ್ ಚೆನ್ನಾಗಿಯೇ ಆಯಿತೆಂದು ಐರಿನ್ ಫೋನು ಮಾಡಿದಳು. ಆಮೇಲೆ ಇನ್ನೊಂದು ಫೋನು ಬಂತು, ವಾರ ತುಂಬುವ ಮೊದಲೇ. ಫಿಲೋ ಆಸ್ಪತ್ರೆಯ ಊಟ ಬಾಯಿಗಿಟ್ಟುಕೊಂಡು ಮುಖ ಹುಳ್ಳಗೆ ಮಾಡಿ, ಉಪ್ಪಿಲ್ಲ ಎಂದು ನರ್ಸಿಗೆ ಕನ್ನಡದಲ್ಲಿ ಹೇಳಿದಳಂತೆ. ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಕಾಯನ್ನು ಏನು ಮಾಡಲಿ ಎಂದು ಐರಿನ್ ಕೇಳಿದಳು. ಅಲ್ಲೇ ಇರಲಿ ಎಂದೆ. ಕಾರ್ಡು ಇಲ್ಲಿ ಅಟ್ಟದ ಮೇಲೆ, ಕಾಯಿಗಳ ನಡುವೆ, ಬಟ್ಟೆಯಲ್ಲಿ ಸುತ್ತಿಟ್ಟಿದೆ. ಏಣಿ ಹತ್ತಬೇಡಿ ಎಂದು ಮನೆಯವರು ಬೈಯುತ್ತಾರೆ. ಹತ್ತುತ್ತೇನೆ, ಮುಟ್ಟಿ ನೋಡಿ ಇಳಿಯುತ್ತೇನೆ. ಒಂದು ಬೋಗುಣಿ ನೀರು ಸಾಕು, ನನಗೆ ಗೊತ್ತು. ಹಾಕಿಲ್ಲ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಪಿನಾಂಗಿನ ವಿಮಾನ ನಿಲ್ದಾಣದಲ್ಲಿ, ಬೆಳಗ್ಗೆ. ಪ್ರಯಾಣಿಕರಲ್ಲದವರು ಗಾಜಿನ ಗೋಡೆಯ ಆಚೆಗೇ ನಿಲ್ಲಬೇಕಿತ್ತು. ಪಾಸ್‌ಪೋರ್ಟ್ ತೋರಿಸಿ ಒಳಗೆ ಬಂದವಳು ಎರಡು ಸಲ ವಾಪಸ್ ಹೋಗಲು ನೋಡಿದೆ. ಪೊಲೀಸಿನವನು ಎರಡು ಸಲವೂ “ನೋ ಲಾ, ಆಂಟಿ” ಎಂದ. ತಿರುಗಿ ನೋಡಿದರೆ ಫಿಲೋ ಇನ್ನೂ ಅಲ್ಲೇ ಇದ್ದಳು. ಐರಿನ್ ಅವಳ ತೋಳು ಹಿಡಿದಿದ್ದಳು. ಫಿಲೋ ತೋಳು ಬಿಡಿಸಿಕೊಂಡು, ಕುತ್ತಿಗೆಯ ಬಿಳಿ ಸ್ಕಾರ್ಫನ್ನು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡಳು. ಗಾಳಿಯಲ್ಲಿ ಇಲ್ಲದ ಸೌಟು ಎತ್ತಿ, ಇಲ್ಲದ ಸಾರು ಹೀರಿ, ಮುಖ ಹುಳ್ಳಗೆ ಮಾಡಿದಳು. ಪಕ್ಕದಲ್ಲಿ ನಿಂತಿದ್ದ ಜಪಾನಿನ ಪ್ರವಾಸಿಗಳು ಸರಿದು ನಿಂತರು. ನಾನು ಕೈ ಎತ್ತಿದೆ. ಅವಳು ಚೀಲಕ್ಕೆ ಕೈ ಹಾಕಿ ಆ ಕಾಯನ್ನು ಹೊರಗೆ ತೆಗೆದು, ಕಿವಿಯ ಹತ್ತಿರ ಹಿಡಿದು, ನನ್ನನ್ನೇ ನೋಡುತ್ತ ಅಲ್ಲಾಡಿಸಿದಳು. ಗಾಜು ದಪ್ಪವಿತ್ತು. ಅವಳ ಕೈ ಆಡುತ್ತಿದ್ದುದು ಕಾಣಿಸಿತು, ಅವಳು ನಗುತ್ತಿದ್ದುದು ಕಾಣಿಸಿತು. ಸದ್ದು ಮಾತ್ರ ಕೇಳಿಸಲಿಲ್ಲ.